ರೇಷ್ಮೆ ಸೀರೆಗೊಂದು ಸೈಕಲ್ ದಾರಿ

ಸೈಕಲ್ ಅಂಗಡಿಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಚೈನ್ ಕವರ್ ಕಡೆಗೆ. ಗೇರ್ ಎಷ್ಟು, ಟೈರು ಎಷ್ಟು ದಪ್ಪ, ಫ್ರೇಮು ಉಕ್ಕೋ ಅಲ್ಯುಮಿನಿಯಮ್ಮೋ ಎಂಬುದೆಲ್ಲ ಆಮೇಲೆ. ಚೈನನ್ನು ಮುಂದಿನಿಂದ ಹಿಂದಿನವರೆಗೆ ಪೂರ್ತಿ ಮುಚ್ಚುವ ತಗಡಿನ ಕವರ್ ಇದ್ದರೆ, ಆ ಸೈಕಲ್ಲನ್ನು ಮಾಡಿದವರು ಹತ್ತುವವರ ಬಟ್ಟೆಯ ಬಗ್ಗೆ ಯೋಚಿಸಿದ್ದಾರೆ ಎಂದು ಗೊತ್ತಾಗುತ್ತದೆ. ಪಂಚೆಯ ಅಂಚು ಹಲ್ಲಿಗೆ ಸಿಕ್ಕುವುದಿಲ್ಲ. ಪ್ಯಾಂಟಿನ ಬಲಗಾಲಿಗೆ ಕಪ್ಪು ಗ್ರೀಸು ಮೆತ್ತುವುದಿಲ್ಲ. ಮಳೆ, ಧೂಳು ತಾಗದ ಚೈನು ಬಾಳಿಕೆಯೂ ಬರುತ್ತದೆ.

ಆಮೇಲೆ ಹಿಂಚಕ್ರ. ಬೈಕಿನ ಹಿಂಚಕ್ರಕ್ಕೆ ಬಟ್ಟೆ ಸಿಕ್ಕದಂತೆ ಕನಿಷ್ಠ ಅರ್ಧ ಚಕ್ರವನ್ನಾದರೂ ಮುಚ್ಚಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ನಾವು ಸೀರೆ ಗಾರ್ಡ್ ಎನ್ನುವುದು ಇದಕ್ಕೇ. ಬೈಕಿಗೆ ಸಿಕ್ಕ ಈ ಕಾಳಜಿ ನಮ್ಮ ಸೈಕಲ್ಲಿಗೆ ಸಿಗಲಿಲ್ಲ. ನೆದರ್ಲೆಂಡ್ಸಿನ ದಿನಬಳಕೆಯ ಸೈಕಲ್ಲುಗಳನ್ನು ನೋಡಿ: ಉದ್ದ ಕೋಟು, ಲಂಗ ಸ್ಪೋಕುಗಳಿಗೆ ಸಿಕ್ಕದಿರಲೆಂದು ಹಿಂಚಕ್ರದ ಮೇಲುಭಾಗಕ್ಕೆ ಎರಡೂ ಬದಿ ಹೊದಿಕೆ. ಹಳೆಯ ಇಂಗ್ಲಿಷ್ ಲೇಡೀಸ್ ಸೈಕಲ್ಲುಗಳಲ್ಲಿ ಮಡ್‌ಗಾರ್ಡಿನ ಅಂಚಿನಿಂದ ಚಕ್ರದ ನಡುವಿನವರೆಗೆ ದಾರದ ಬಲೆ ಕಟ್ಟುತ್ತಿದ್ದರು. ಎಷ್ಟು ಸರಳ, ಎಷ್ಟು ಚೆಂದ! ನಮ್ಮ ಅಂಗಡಿಗಳಲ್ಲಿ ಇವತ್ತು ಮಿರಮಿರ ಮಿಂಚುವ ಸೈಕಲ್ಲುಗಳಲ್ಲಿ ಎಷ್ಟಕ್ಕೋ ಮಡ್‌ಗಾರ್ಡೇ ಇರುವುದಿಲ್ಲ. ಕ್ಯಾರಿಯರ್, ಬೆಲ್ಲು, ದೀಪವನ್ನು ಬೇರೆಯಾಗಿ ಕೊಂಡು ಹಾಕಿಸಬೇಕು. ಒಂದು ಮಳೆಗೆ ಬೆನ್ನ ತುಂಬ ಕೆಸರಿನ ಗೆರೆ ಬಿದ್ದರೆ ಯಾರು ತಾನೆ ಮರುದಿನ ಅದರಲ್ಲಿ ಆಫೀಸಿಗೆ ಹೋಗುತ್ತಾರೆ?

ಭಾನುವಾರ ಮುಂಜಾನೆ ನಂದಿಬೆಟ್ಟ ಹತ್ತಲು ಹೊರಡುವವರ ಮೈಗಂಟಿದ ಉಡುಪು ಆ ಏರಿಗೆ ತಕ್ಕದ್ದೇ. ನನಗೆ ಹೆಚ್ಚು ಪ್ರೀತಿ ಸೋಮವಾರದ ಸವಾರರ ಮೇಲೆ. ಇಸ್ತ್ರಿ ಮಾಡಿದ ಯೂನಿಫಾರ್ಮು ತೊಟ್ಟು, ಹ್ಯಾಂಡಲ್ಲಿಗೆ ಊಟದ ಡಬ್ಬಿ ನೇತುಹಾಕಿ, ಬೆನ್ನು ನೆಟ್ಟಗೆ ಕುಳಿತು, ಅವಸರವಿಲ್ಲದ ಒಂದೇ ಲಯದಲ್ಲಿ ಪೆಡಲ್ ತುಳಿಯುತ್ತ ಪಾಳಿಗೆ ಹೋಗುವ ಸೆಕ್ಯುರಿಟಿಯವರು, ಕ್ಯಾರಿಯರಿಗೆ ಬುಟ್ಟಿ ಬಿಗಿದುಕೊಂಡು ಹೊರಡುವ ಹೂವಿನವರು, ಬೆಳಕು ಹರಿಯುವ ಮೊದಲೇ ಪೇಪರ್ ಹಾಕಿ ಮುಗಿಸುವ ಹುಡುಗರು. ನಮ್ಮ ನಗರಗಳಲ್ಲಿ ಸೈಕಲ್ ಸವಾರಿಯ ನಿಜವಾದ ಠೀವಿಯನ್ನು ಉಳಿಸಿಕೊಂಡು ಬಂದವರು ಇವರು. 2011ರ ಜನಗಣತಿಯಲ್ಲಿ ದೇಶದ ಶೇ 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಆದರೂ ರಸ್ತೆಯ ನಕ್ಷೆ ಬರೆಯುವಾಗ ಇವರ ನೆನಪು ಯಾರಿಗೂ ಆಗುವುದಿಲ್ಲ. ಸೈಕಲ್ ಎಂದರೆ ಅನುಕೂಲಸ್ಥರ ಬೆಳಗಿನ ವ್ಯಾಯಾಮ ಎಂದುಕೊಂಡು, ಕೆರೆಯ ಸುತ್ತಲೋ ಪಾರ್ಕಿನ ಬದಿಯಲ್ಲೋ ಒಂದಿಷ್ಟು ಟ್ರ್ಯಾಕ್ ಮಾಡಿ ಕೈತೊಳೆದುಕೊಳ್ಳುತ್ತಾರೆ.

2006ರಲ್ಲಿ ಮಿಕಾಯೆಲ್ ಕೋಲ್ವಿಲ್-ಆ್ಯಂಡರ್ಸನ್ ಎಂಬವರು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನ ಒಂದು ಬೀದಿಯಲ್ಲಿ ಫೋಟೊ ತೆಗೆದರು. ಸ್ಕರ್ಟು, ಬೂಟು ತೊಟ್ಟ ಹೆಂಗಸೊಬ್ಬರು ಸೈಕಲ್ಲಿನಲ್ಲಿ ಸಿಗ್ನಲ್ ದಾಟಲು ಹೊರಟಿದ್ದಾರೆ, ಅಷ್ಟೆ. ಮರುವರ್ಷದಿಂದ ‘ಸೈಕಲ್ ಶಿಕ್’ ಎಂಬ ಹೆಸರಿನಲ್ಲಿ ಅಂಥ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಬಹಳ ಜನ ಅದರಲ್ಲಿ ಫ್ಯಾಷನ್ ಕಂಡರು. ನಾನು ನೋಡುವುದು ಆಕೆಯ ಚಕ್ರದ ಕೆಳಗಿನ ರಸ್ತೆಯನ್ನು. ಹಿಂದಿನಿಂದ ಯಾವ ಗಾಡಿ ಬಂದು ಗುದ್ದೀತೋ ಎಂಬ ಭಯವಿರುವ ಕಡೆ ಯಾರೂ ಮನಸ್ಸಿಗೆ ಬಂದ ಬಟ್ಟೆ ಹಾಕಿಕೊಂಡು ಸೈಕಲ್ ಹತ್ತುವುದಿಲ್ಲ. ಸೈಕಲ್ ಸವಾರರು ಏನು ಉಟ್ಟಿದ್ದಾರೆ ಎಂದು ನೋಡಿದರೆ ಸಾಕು, ಆ ಊರಿನ ರಸ್ತೆ ಎಷ್ಟು ನಂಬಿಕಸ್ತ ಎಂದು ಹೇಳಬಹುದು.

ಕೋಪನ್‌ಹೇಗನ್ ಹುಟ್ಟಿನಿಂದಲೇ ಹೀಗಿರಲಿಲ್ಲ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಅಲ್ಲಿಯೂ ಕಾರುಗಳು ರಸ್ತೆಯನ್ನು ಆಕ್ರಮಿಸಿ ಸೈಕಲ್ ಹಿಂದೆ ಸರಿದಿತ್ತು. 1973ರ ತೈಲ ಬಿಕ್ಕಟ್ಟು ಬಂತು, ಭಾನುವಾರ ಕಾರು ಓಡಿಸಬಾರದು ಎಂಬ ಆದೇಶ ಬಂತು, ಆಮೇಲೆ ಸುರಕ್ಷಿತ ದಾರಿ ಬೇಕೆಂದು ಜನ ಸೈಕಲ್ಲುಗಳ ಸಮೇತ ಬೀದಿಗಿಳಿದರು. ಹಾಗೆ ಕೇಳಿ ಪಡೆದ ದಾರಿಯ ವಿನ್ಯಾಸ ನೋಡುವಂಥದ್ದು. ಸೈಕಲ್ ಪಥ ಕಾರಿನ ರಸ್ತೆಗಿಂತ ಒಂದು ಮೆಟ್ಟಿಲು ಮೇಲೆ, ಪಾದಚಾರಿ ಮಾರ್ಗಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಕಾರು ನಿಲ್ಲುವುದು ಪಥದ ಹೊರಬದಿಗೆ, ಹಾಗಾಗಿ ನಿಂತ ಕಾರುಗಳ ಸಾಲೇ ಸೈಕಲ್ಲಿಗೆ ಗೋಡೆ. ಇಬ್ಬರು ಮಾತಾಡುತ್ತ ಜೋಡಿಯಾಗಿ ಹೋಗುವಷ್ಟು ಅಗಲ. ನೊರೆಬ್ರೊ ಬೀದಿಯಲ್ಲಿ 2007ರಿಂದ ದಟ್ಟಣೆಯ ಹೊತ್ತಿನಲ್ಲಿ ಸಿಗ್ನಲ್‌ಗಳನ್ನು ಗಂಟೆಗೆ 20 ಕಿ.ಮೀ. ವೇಗಕ್ಕೆ ಹೊಂದಿಸಿದ್ದಾರೆ. ಆ ವೇಗದಲ್ಲಿ ತುಳಿದರೆ ಒಂದಾದ ಮೇಲೊಂದು ಹಸಿರು. ಕಾಲು ಕೆಳಗೂರುವ ಕೆಲಸವಿಲ್ಲ, ಬೆವರಿಗೂ ಅವಕಾಶ ಕಡಿಮೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ವರ್ಷದ ಬಹುಪಾಲು ತಂಪು ಹವೆ. ಡೆನ್ಮಾರ್ಕಿನ ಹಿಮಗಾಳಿಗೆ ಹೋಲಿಸಿದರೆ ಸೈಕಲ್ಲಿಗೆ ಇದು ಸ್ವರ್ಗ. 2020ರಲ್ಲಿ, ಕೋವಿಡ್ ನಡುವೆ, ಹೊರವರ್ತುಲ ರಸ್ತೆಯಲ್ಲಿ ಗೂಟಗಳನ್ನು ನೆಟ್ಟು ಸೈಕಲ್ ಪಥ ಮಾಡಿದರು. ಗೂಟಗಳ ಸಂದಿನಲ್ಲಿ ಬೈಕುಗಳು ನುಗ್ಗಿದವು. ಮೆಟ್ರೊ ಕಾಮಗಾರಿ ಬಂದಾಗ ಪಥಕ್ಕೆ ಜಾಗವೇ ಉಳಿಯಲಿಲ್ಲ. ಅದಕ್ಕೂ ಮೊದಲು ಜಯನಗರದಲ್ಲಿ ಗುರುತಿಸಿದ್ದ ಪಥ ಪಾರ್ಕಿಂಗ್ ಜಾಗವಾಯಿತು. ಬಣ್ಣದ ಪಟ್ಟಿಯಿಂದ ಯಾವ ಗಾಡಿಯೂ ನಿಲ್ಲುವುದಿಲ್ಲ. ನಡುವೆ ಕಲ್ಲಿನ ಅಂಚುಕಟ್ಟೆ ಬೇಕು.

ಮೈಸೂರಿನ ಮೇಲೆ ನನಗೆ ಹೆಚ್ಚು ಭರವಸೆ. 2017ರ ಜೂನ್‌ನಲ್ಲಿ 450 ಸೈಕಲ್, 48 ನಿಲ್ದಾಣಗಳೊಂದಿಗೆ ಅಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ಸೇವೆ ಶುರುವಾಯಿತು. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಟ್ಟುಹೋಗುವ ಇಂಥ ಏರ್ಪಾಡಿಗೆ ಬೇಕಾದ ಹದವಾದ ದೂರ, ಅಗಲವಾದ ಮರದ ನೆರಳಿನ ರಸ್ತೆಗಳು ಮೈಸೂರಿಗೆ ಮೊದಲೇ ಇವೆ. ಆ ರಸ್ತೆಗಳಲ್ಲಿ ಸೈಕಲ್ಲಿಗೆಂದೇ ಒಂದು ಪಾಲು ತೆಗೆದಿಟ್ಟಿದ್ದರೆ ಆ 450 ಸೈಕಲ್ಲುಗಳನ್ನು ಅಜ್ಜಿಯಂದಿರೂ ಏರುತ್ತಿದ್ದರು.

ರಾಜ್ಯದಲ್ಲಿ ದಿನಬಳಕೆಯ ಸೈಕಲ್ ಸವಾರಿಗೆ ದೊಡ್ಡ ಚಾಲನೆ ಸಿಕ್ಕಿದ್ದು 2006–07ರಲ್ಲಿ, ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ. ಎರಡು ಜಡೆ, ಚೂಡಿದಾರದ ಯೂನಿಫಾರ್ಮು, ಬುಟ್ಟಿಯಲ್ಲಿ ಪುಸ್ತಕದ ಚೀಲ, ಹಳ್ಳಿದಾರಿಯ ತುಂಬ ಸಾಲುಸಾಲು ಹುಡುಗಿಯರು. ಕೋಪನ್‌ಹೇಗನ್‌ನ ಯಾವ ಚಿತ್ರಕ್ಕೂ ಆ ನೋಟ ಕಡಿಮೆಯಿಲ್ಲ. ಅದೇ ಹುಡುಗಿ ಮುಂದೆ ಓದಿಗೆ, ಕೆಲಸಕ್ಕೆ ನಗರ ಸೇರಿದಾಗ ಸೈಕಲ್ ಬಿಡುತ್ತಾಳೆ. ಸವಾರಿ ಬಂದವಳನ್ನು ನಾವೇ ರಸ್ತೆಯಿಂದ ಆಚೆ ಕಳಿಸುತ್ತಿದ್ದೇವೆ. ಇದು ನನ್ನನ್ನು ತುಂಬ ನೋಯಿಸುತ್ತದೆ.

ಹಾಗಾಗಿ ಕೆಲಸ ಹೈಸ್ಕೂಲು, ಕಾಲೇಜು, ಮೆಟ್ರೊ ನಿಲ್ದಾಣಗಳ ಸುತ್ತಲಿನ ಬೀದಿಗಳಿಂದ ಶುರುವಾಗಲಿ. ನಿಮ್ಮ ಬೀದಿಗೆ ವೈಟ್ ಟಾಪಿಂಗ್ ಬಂದಾಗ, ಕಾಂಕ್ರೀಟ್ ಸುರಿಯುವ ಮೊದಲೇ ಎಂಜಿನಿಯರನ್ನು ಮಾತಾಡಿಸಿ. ಸೈಕಲ್ ಪಥಕ್ಕೆ ಅಂಚುಕಟ್ಟೆ ಕೇಳಿ. ಅಡ್ಡರಸ್ತೆ ಬಂದ ಕಡೆ ಪಥ ತಗ್ಗಿಗಿಳಿಯದೆ ಅದೇ ಮಟ್ಟದಲ್ಲಿ ಮುಂದುವರಿಯಬೇಕು, ಕಾರು ಹತ್ತಿ ಇಳಿಯಲಿ. ಇನ್ನು ಮಳೆನೀರು ಇಳಿಯುವ ಕಬ್ಬಿಣದ ಜಾಲರಿ: ಅದರ ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸಣ್ಣ ಟೈರು ಸಂದಿನಲ್ಲಿ ಸಿಕ್ಕಿ ಸವಾರರು ಮುಗ್ಗರಿಸುತ್ತಾರೆ. ಅಡ್ಡಲಾಗಿ ಕೂರಿಸಿದರೆ ಚಕ್ರ ಸಲೀಸಾಗಿ ದಾಟುತ್ತದೆ. ಹೊಸದಾಗಿ ಕೂರಿಸುವಾಗಲೇ ತಿರುಗಿಸಿ ಇಡಲು ಹೇಳಿದರೆ ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.