ಬಾಗಿಲು ತೆರೆದಿದೆ, ಫಲಕ ಮೌನವಾಗಿದೆ

ವಸ್ತುಸಂಗ್ರಹಾಲಯಕ್ಕೆ ಹೋದಾಗ ವಸ್ತುವನ್ನು ನೋಡುವುದಕ್ಕೆ ಮೊದಲು ಅದರ ಮಗ್ಗುಲಿನ ಫಲಕವನ್ನು ಓದುವ ಚಟ ನನಗೆ ಬಹುಕಾಲದಿಂದ ಇದೆ. ಫಲಕದ ಬರಹವನ್ನು ಸಾಹಿತ್ಯವೆಂದು ಯಾರೂ ಎಣಿಸುವುದಿಲ್ಲ. ಬರೆದವರ ಹೆಸರೂ ಅದರಲ್ಲಿರುವುದಿಲ್ಲ. ಆದರೂ ಒಂದು ರಾಷ್ಟ್ರ ತನ್ನ ಹೆಸರಿನಲ್ಲಿ ಬರೆಯಿಸಿ ಲಕ್ಷಾಂತರ ಜನರಿಂದ ಓದಿಸುವ ಗದ್ಯ ಅದು. ಯಾರೋ ನೂರು ಮಂದಿ ಓದುವ ಕಾದಂಬರಿಗೆ ವಿಮರ್ಶೆ ಬೇಕಾದರೆ ಇದಕ್ಕೇಕೆ ಬೇಡ? ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿದ ರಾಷ್ಟ್ರೀಯ ವಿಮಾನ ಮತ್ತು ಅಂತರಿಕ್ಷ ಸಂಗ್ರಹಾಲಯದ ಎರಡು ಫಲಕಗಳ ಕತೆಯನ್ನು ಈ ವಾರ ವಾಚಕರ ಮುಂದಿಡುತ್ತೇನೆ.

ಈ ಸಂಗ್ರಹಾಲಯ ಜನರನ್ನು ಹೊರಗಿಟ್ಟಿದೆಯೆಂದು ಹೇಳುವಂತಿಲ್ಲ. 1946ರಲ್ಲಿ ಕಾನೂನಿನ ಮೂಲಕ ಸ್ಥಾಪಿತವಾದ ಇದಕ್ಕೆ ವಾಷಿಂಗ್ಟನ್ನಿನ ನಡುವೆ 1976ರ ಜುಲೈ 1ರಂದು ಸ್ವಂತ ಕಟ್ಟಡವಾಯಿತು. ಪ್ರವೇಶಶುಲ್ಕವಿಲ್ಲ. ದೊಡ್ಡ ವಿಮಾನಗಳಿಗಾಗಿ 2003ರ ಡಿಸೆಂಬರ್ 15ರಂದು ಊರಾಚೆ, ಡಲ್ಲಸ್ ವಿಮಾನ ನಿಲ್ದಾಣದ ಬಳಿ, ಇನ್ನೊಂದು ವಿಶಾಲವಾದ ಕಟ್ಟಡ ತೆರೆಯಿತು. ಅಲ್ಲಿಯೂ ಒಳಗೆ ಹೋಗುವುದು ಉಚಿತ, ಕಾರು ನಿಲ್ಲಿಸುವುದಕ್ಕೆ ಮಾತ್ರ ಹಣ ತೆರಬೇಕಾಯಿತು. ನಗರದ ಕಟ್ಟಡ ದುರಸ್ತಿಯಾಗಿ 2022ರಲ್ಲಿ ಮರಳಿ ತೆರೆದಾಗ, ಬರುವ ವೇಳೆಯನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡು ಚೀಟಿ ಪಡೆಯಬೇಕೆಂಬ ನಿಯಮ ಬಂತು. ಇವೆಲ್ಲ ತೊಂದರೆಗಳೇ, ಜನ ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ತಕರಾರು ಬಾಗಿಲು ದಾಟಿದ ಮೇಲಿನದು. ಒಳಗೆ ಬಂದವನಿಗೆ, ಒಳಗಿರುವವರು ತಿಳಿದಿರುವುದರಲ್ಲಿ ಎಷ್ಟು ದಕ್ಕುತ್ತದೆ?

ಮೊದಲನೆಯದು ರೈಟ್ ಸಹೋದರರ ವಿಮಾನ. ಅವರು ಹಾರಿದ ಕಾಲದಲ್ಲಿ ಸ್ಮಿತ್‌ಸೋನಿಯನ್ನಿಗೆ ಕಾರ್ಯದರ್ಶಿಯಾಗಿದ್ದ ಸ್ಯಾಮ್ಯುಯೆಲ್ ಲ್ಯಾಂಗ್ಲಿಯವರೂ ಒಂದು ಯಂತ್ರ ಕಟ್ಟಿಸಿದ್ದರು. 1903ರ ಡಿಸೆಂಬರ್ 8ರಂದು ಅದು ಪೊಟೊಮ್ಯಾಕ್ ನದಿಗೆ ಬಿದ್ದಿತು. ಒಂಬತ್ತು ದಿನಗಳ ತರುವಾಯ ರೈಟ್ ಸಹೋದರರು ಹಾರಿದರು. 1914ರಲ್ಲಿ ಗ್ಲೆನ್ ಕರ್ಟಿಸ್ ಎಂಬವರು ಲ್ಯಾಂಗ್ಲಿಯವರ ಯಂತ್ರವನ್ನು ಹಲವು ಬಗೆಯಾಗಿ ತಿದ್ದಿ ಕೊಂಚ ದೂರ ಹಾರಿಸಿದರು. ಈ ಕರ್ಟಿಸ್ ಹಕ್ಕುಪತ್ರದ ವ್ಯಾಜ್ಯದಲ್ಲಿ ರೈಟರ ಪ್ರತಿಪಕ್ಷದವರು. ಸಂಸ್ಥೆಯಾದರೋ ಆ ತಿದ್ದುಪಡಿಗಳನ್ನು ಲೆಕ್ಕಿಸದೆ, ಮನುಷ್ಯನನ್ನು ಹೊತ್ತು ಹಾರಬಲ್ಲ ಪ್ರಥಮ ವಿಮಾನ ತನ್ನ ಕಾರ್ಯದರ್ಶಿಯದೇ ಎಂಬ ಅರ್ಥದ ಫಲಕ ತೂಗುಹಾಕಿತು. ನೊಂದ ಆರ್ವಿಲ್ ರೈಟರು 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಕಳುಹಿಸಿಬಿಟ್ಟರು. ಸಂಸ್ಥೆ ತಪ್ಪೊಪ್ಪಿಕೊಂಡದ್ದು 1942ರಲ್ಲಿ. ಗಾಂಧೀಜಿ ಹತರಾದ ದಿನವೇ, 1948ರ ಜನವರಿ 30ರಂದು, ಆರ್ವಿಲ್ ತೀರಿಕೊಂಡರು. ಅದೇ ವರ್ಷದ ಡಿಸೆಂಬರ್ 17ರಂದು ವಿಮಾನ ವಾಷಿಂಗ್ಟನ್ನಿನಲ್ಲಿ ಪ್ರದರ್ಶನಕ್ಕೆ ಬಂತು.

ಅದು ಬಂದದ್ದು ಒಂದು ಡಾಲರಿನ ಕ್ರಯಕ್ಕೆ, ಒಂದು ಕರಾರಿನ ಮೇಲೆ. 1903ರ ಈ ವಿಮಾನಕ್ಕಿಂತ ಮುಂಚಿನ ಯಾವ ವಿಮಾನವೂ ತನ್ನ ಶಕ್ತಿಯಿಂದ, ಹತೋಟಿಗೊಳಗಾಗಿ, ಮನುಷ್ಯನನ್ನು ಹೊತ್ತು ಹಾರಲು ಸಮರ್ಥವಾಗಿತ್ತೆಂದು ಸಂಸ್ಥೆ ಹೇಳಕೂಡದು; ಹೇಳಿದರೆ ವಿಮಾನ ವಾರಸುದಾರರಿಗೆ ಹಿಂತಿರುಗತಕ್ಕದ್ದು. ರೈಟರೇ ಮೊದಲಿಗರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಒಮ್ಮೆ ಮೋಸಹೋದವರು ಎರಡನೆಯ ಸಲ ಕಾಗದ ಬರೆಯಿಸಿಕೊಂಡದ್ದೂ ಸಹಜವೇ. ಆದರೆ ಕರಾರಿನ ಕಾವಲಿನಲ್ಲಿ ನಿಂತ ಸತ್ಯ, ಸತ್ಯವಾಗಿದ್ದೂ, ಸಾಕ್ಷಿಯ ಬೆಲೆಯನ್ನು ಕಳೆದುಕೊಳ್ಳುತ್ತದೆ. ಫಲಕವನ್ನು ಓದುವವನಿಗೆ ಇದು ವಿದ್ವಾಂಸರ ತೀರ್ಪೋ ವಕೀಲರ ಷರತ್ತೋ ಎಂಬ ಅನುಮಾನ ಉಳಿದೇ ಉಳಿಯುತ್ತದೆ.

ಎರಡನೆಯದು 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬನ್ನು ಹಾಕಿದ 'ಎನೋಲಾ ಗೇ'. ಅದು 1949ರಲ್ಲೇ ಸಂಸ್ಥೆಯ ಕೈಸೇರಿತು. ಆಮೇಲೆ ವರ್ಷಗಟ್ಟಲೆ ಬಯಲಿನಲ್ಲಿ ಮಳೆಬಿಸಿಲಿಗೆ ಬಿದ್ದಿತ್ತು. ಘಟನೆಯ ಐವತ್ತನೆಯ ವರ್ಷಕ್ಕೆಂದು ನಿರ್ದೇಶಕ ಮಾರ್ಟಿನ್ ಹಾರ್ವಿಟ್ ಒಂದು ದೊಡ್ಡ ಪ್ರದರ್ಶನವನ್ನು ಯೋಜಿಸಿದರು. ವಿಮಾನದ ಜೊತೆಗೆ, ಅದರ ಕೆಳಗಿದ್ದ ಊರಿನಿಂದಲೂ ವಸ್ತುಗಳು ಬರಬೇಕಾಗಿತ್ತು. ಅವುಗಳಲ್ಲೊಂದು ಶಾಲಾಬಾಲಕಿಯೊಬ್ಬಳ ಬುತ್ತಿಯ ಡಬ್ಬಿ; ಒಳಗಿನ ಅನ್ನ ಕರಿಕಾಗಿತ್ತು.

1994ರಲ್ಲಿ ಕರಡು ಹೊರಬಿದ್ದೊಡನೆ ಗದ್ದಲವೆದ್ದಿತು. ಆ ಕರಡು ನಿರ್ದುಷ್ಟವಾಗಿತ್ತೆಂದು ನಾನು ವಾದಿಸುವುದಿಲ್ಲ. ಅಮೆರಿಕನರಿಗೆ ಇದು ಸೇಡಿನ ಯುದ್ಧ, ಜಪಾನಿಯರಿಗೆ ತಮ್ಮ ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಯುದ್ಧ ಎಂಬ ಭಾವದ ವಾಕ್ಯವೊಂದು ಅದರಲ್ಲಿತ್ತು. ಗೆಳೆಯರನ್ನು ಪೆಸಿಫಿಕ್ ದ್ವೀಪಗಳಲ್ಲಿ ಮಣ್ಣುಮಾಡಿ ಬಂದ ಮುದಿ ಸೈನಿಕ ಅದನ್ನೋದಿ ಕೆರಳಿದರೆ ತಪ್ಪೆನ್ನಲಾದೀತೇ? ಜಪಾನಿನ ಆಕ್ರಮಣವನ್ನು ಹೇಳುವ ಮಾತುಗಳೂ ಪಕ್ಕದಲ್ಲೇ ಇದ್ದುವು. ಆ ವಾಕ್ಯವನ್ನು ಕರಡಿನಿಂದ ತೆಗೆದೂಹಾಕಿದರು. ಬರಹವನ್ನು ತಿದ್ದುವುದಕ್ಕೆ ದಾರಿಯಿತ್ತೆಂಬುದಕ್ಕೆ ಅದೇ ಪ್ರಮಾಣ. ಆದರೆ ಸೆನೆಟ್ ಖಂಡನೆಯ ನಿರ್ಣಯ ಮಾಡಿತು. ಕಾಂಗ್ರೆಸ್ಸಿನ 81 ಸದಸ್ಯರು ನಿರ್ದೇಶಕರು ಹೋಗಬೇಕೆಂದರು. 1995ರ ಜನವರಿ 30ರಂದು ಪ್ರದರ್ಶನ ರದ್ದಾಯಿತು. ಮೇ ತಿಂಗಳಲ್ಲಿ ಹಾರ್ವಿಟ್ ರಾಜೀನಾಮೆಯಿತ್ತರು. ವಿಮಾನದ ಮುಂಭಾಗವನ್ನು ಮಾತ್ರ ಜನರಿಗೆ ತೋರಿಸಿದರು. ಬುತ್ತಿಯ ಡಬ್ಬಿ ಅಲ್ಲಿಗೆ ಬರಲಿಲ್ಲ.

2003ರಲ್ಲಿ ಪೂರ್ತಿ ಜೋಡಿಸಿದ ವಿಮಾನವನ್ನು ಹೊಸ ಕಟ್ಟಡದಲ್ಲಿಟ್ಟರು. ಆಗ ಹಾಕಿದ ಫಲಕ ಅದರ ಯಂತ್ರಕೌಶಲವನ್ನು ಹೇಳಿತು. ಯುದ್ಧದಲ್ಲಿ ಬಳಸಿದ ಮೊದಲ ಅಣ್ವಸ್ತ್ರವನ್ನು ಹಿರೋಷಿಮಾದ ಮೇಲೆ ಹಾಕಿತೆಂದೂ ಹೇಳಿತು. ಸತ್ತವರ ಮಾತಿಲ್ಲ. ಆ ವರ್ಷ ಕಳೆಯುವುದರೊಳಗೆ ಆ ಊರಿನಲ್ಲಿ ಸುಮಾರು 1,40,000 ಜನ ಸತ್ತಿದ್ದರು. ವಿದ್ವಾಂಸರು ಬರೆದು ಕೇಳಿಕೊಂಡರೂ ಸಂಗ್ರಹಾಲಯ ಬದಲಿಸಲೊಪ್ಪಲಿಲ್ಲ. ಇತರ ವಿಮಾನಗಳ ಫಲಕಗಳೂ ಇದೇ ಮಾದರಿಯವೆಂಬುದು ಅದರ ಸಮಾಧಾನ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದೆನೆಂಬ ದರ್ಜಿಯ ಜಂಬದಂತಿದೆ ಈ ಉತ್ತರ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಶಾಸನ ಇಲ್ಲಿ ನನಗೆ ನೆನಪಾಗುತ್ತದೆ. ಹತ್ತನೆಯ ಶತಮಾನದ್ದು, ಗೆದ್ದವರ ಕಡೆಯವರೇ ಬರೆಯಿಸಿದ್ದು. ರಾಷ್ಟ್ರಕೂಟ ಕೃಷ್ಣನ ಜಯವನ್ನು ಅದು ಹೊಗಳುತ್ತದೆ, ಸತ್ತ ಚೋಳ ರಾಜಾದಿತ್ಯನ ಹೆಸರನ್ನೂ ಹೇಳುತ್ತದೆ. ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು ಎಂಬುದನ್ನೂ ಬಿಟ್ಟಿಲ್ಲ. ಅಷ್ಟನ್ನು ಹೇಳಿದ್ದರಿಂದ ಆ ಜಯಕ್ಕೆ ಯಾವ ಕುಂದೂ ಬರಲಿಲ್ಲ.

ನಾನು ಕೇಳುವುದು ಒಂದೇ ಸಾಲು. ಅದು ಕ್ಷಮೆಯಾಚನೆ ಆಗಬೇಕಿಲ್ಲ, ಆರೋಪವೂ ಆಗಬೇಕಿಲ್ಲ. ಬಾಂಬು ಹಾಕಿದ್ದು ಸರಿಯೋ ತಪ್ಪೋ ಎಂಬುದನ್ನು ನೋಡಲು ಬಂದವರು ತಮ್ಮ ತಮ್ಮಲ್ಲೇ ಚರ್ಚಿಸಿಕೊಳ್ಳಲಿ. ಆದರೆ ಚರ್ಚಿಸುವುದಕ್ಕೆ ಬೇಕಾದ ಸಂಗತಿಯನ್ನೇ ಮುಚ್ಚಿಟ್ಟು ಬಾಗಿಲನ್ನು ಎಷ್ಟು ಅಗಲವಾಗಿ ತೆರೆದರೂ ಜನ ಹೊರಗೇ ನಿಂತಂತೆ.