ಬಲ್ಬಿನ ಮೇಲೆ ಸುಳ್ಳು ಕೇಸು

ಬೈಕಿನ ಹೆಡ್‌ಲೈಟ್ ಹೋಯಿತೆಂದರೆ ನಮ್ಮ ಕಡೆ ಮೊದಲು ಸಿಕ್ಕಿಬೀಳುವುದು ಬಲ್ಬ್. ಬೀದರಿನ ಗಾಂಧಿಗಂಜ್ ಇರಲಿ, ಭಾಲ್ಕಿ ಇರಲಿ, ಔರಾದ್ ಇರಲಿ, ಗಾಡಿ ನಿಲ್ಲಿಸಿ ‘ಲೈಟ್ ಹತ್ಲತ್ತಿಲ್ಲ’ ಅಂದ ಕೂಡಲೇ ಅಂಗಡಿಯವನ ಕೈ ಹಿಂದಿನ ಕಪಾಟಿಗೆ ಹೋಗುತ್ತದೆ. ಹುಡುಗನೊಬ್ಬ ಡೂಮ್ ಬಿಚ್ಚಿ, ಹಳೆಯದನ್ನು ಕಿತ್ತು ಚರಂಡಿ ಕಡೆ ಎಸೆದು, ಹೊಸದನ್ನು ಸಿಕ್ಕಿಸುತ್ತಾನೆ. ಬೆಳಕು ಬರುತ್ತದೆ. ದುಡ್ಡು ಕೊಟ್ಟು ಹೊರಡುತ್ತೀರಿ. ಜನವಾಡಾ ದಾಟಿ ಕೌಠಾ ಹತ್ತಿರ ಮಾಂಜ್ರಾ ಸೇತುವೆ ಬರುವಷ್ಟರಲ್ಲಿ ಮತ್ತೆ ಕತ್ತಲು.

ಹಾಗಾದರೆ ಅಂಗಡಿ ಮುಂದೆ ಬೆಳಕು ಬಂದದ್ದು ಹೇಗೆ? ಬಲ್ಬ್ ಕಿತ್ತು ಹಾಕುವಾಗ ಅದರ ಮೂರು ಕಾಲು ಹೋಲ್ಡರಿನ ಹಿತ್ತಾಳೆಗೆ ಉಜ್ಜಿ ಒಂದಿಷ್ಟು ಕಿಲುಬು ಕೆರೆದುಹೋಗಿತ್ತು, ಅಷ್ಟೇ. ಹಳೆಯ ಬಲ್ಬನ್ನೇ ತೆಗೆದು ಮತ್ತೆ ಹಾಕಿದ್ದರೂ ಹತ್ತುತ್ತಿತ್ತು. ಅದಕ್ಕೇ ನನ್ನದೊಂದು ಹಟ: ಕಿತ್ತ ಬಲ್ಬನ್ನು ಎಸೆಯಲು ಬಿಡಬೇಡಿ. ಬಿಸಿಲಿಗೆ ಹಿಡಿದು ನೋಡಿ. ಒಳಗೆ ಎರಡು ಸಣ್ಣ ಸುರುಳಿ ಇರುತ್ತವೆ, ಒಂದು ಹೈ ಬೀಮಿಗೆ, ಒಂದು ಡಿಮ್ಮಿಗೆ. ಎರಡೂ ಇಡಿಯಾಗಿದ್ದರೆ ಬಲ್ಬ್ ನಿರಪರಾಧಿ. ಗಾಜಿನೊಳಗೆ ಬಿಳಿ ಹೊಗೆ ಕವಿದಂತಿದ್ದರೆ ಎಲ್ಲೋ ಗಾಳಿ ಹೊಕ್ಕಿದೆ. ಬೆಳ್ಳಿಗಪ್ಪು ಮಸಿ ಹತ್ತಿದ್ದರೆ ವಯಸ್ಸಾಗಿ ಸತ್ತದ್ದು. ಎರಡೂ ಸುರುಳಿ ಒಂದೇ ರಾತ್ರಿ ಸುಟ್ಟಿದ್ದರೆ ಮಾತ್ರ ವಿಷಯ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಿಚ್ಚುವ ಮೊದಲು, ಪಾನಾ ಮುಟ್ಟದೆ, ಸೀಟಿನ ಮೇಲೆ ಕೂತೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಮೀಟರಿನಲ್ಲಿ ಹೈ ಬೀಮ್ ತೋರಿಸುವ ಸಣ್ಣ ನೀಲಿ ದೀಪ ಇರುತ್ತದಲ್ಲ, ಅದನ್ನು ನೋಡಿ. ಹೈಗೆ ಹಾಕಿದಾಗ ನೀಲಿ ದೀಪ ಹತ್ತಿ ಮುಂದೆ ಕತ್ತಲಿದ್ದರೆ, ಕರೆಂಟ್ ಸ್ವಿಚ್ ದಾಟಿ ಬಂದಿದೆ ಎಂದೇ ಲೆಕ್ಕ. ತೊಂದರೆ ಬಲ್ಬ್, ಹೋಲ್ಡರ್, ಅರ್ಥಿಂಗ್, ಈ ಮೂರರಲ್ಲೇ ಇದೆ. ನೀಲಿಯೂ ಇಲ್ಲ, ಬೆಳಕೂ ಇಲ್ಲ ಎಂದಾದರೆ ಪಾಸ್ ಸ್ವಿಚ್ ಒತ್ತಿ. ಅದು ಡಿಪ್ಪರ್ ಸ್ವಿಚ್ಚಿನ ಹಂಗಿಲ್ಲದೆ ನೇರವಾಗಿ ಹೈ ಬೀಮಿಗೆ ಕರೆಂಟ್ ಕಳಿಸುತ್ತದೆ. ಪಾಸ್ ಹತ್ತಿದರೆ ಬಲ್ಬೂ ಸರಿ, ಅರ್ಥಿಂಗೂ ಸರಿ. ಕೆಟ್ಟದ್ದು ಹ್ಯಾಂಡಲ್ ಮೇಲಿನ ಸ್ವಿಚ್ ಅಥವಾ ಅದಕ್ಕೆ ಬರುವ ವೈರ್.

ಇನ್ನೊಂದು ಲಕ್ಷಣ ನನಗೆ ಬಹಳ ಪ್ರೀತಿಯದು. ಡಿಮ್ಮಿನಲ್ಲಿಟ್ಟಿದ್ದೀರಿ, ಮುಂದೆ ಬೆಳಕಿಲ್ಲ, ಆದರೆ ಹತ್ತಬಾರದ ನೀಲಿ ದೀಪ ಹತ್ತಿದೆ. ಎಷ್ಟೋ ಜನ ಇದನ್ನು ನೋಡಿ ‘ವೈರಿಂಗೇ ಉಲ್ಟಾ ಆಗ್ಯಾದ’ ಅಂತ ಇಡೀ ಕಿಟ್ ಬದಲಿಸುತ್ತಾರೆ. ಆದದ್ದಿಷ್ಟು: ಬಲ್ಬಿನ ಅರ್ಥಿಂಗ್ ವೈರ್ ಕೈಬಿಟ್ಟಿದೆ. ಡಿಮ್ ಸುರುಳಿಗೆ ಬಂದ ಕರೆಂಟಿಗೆ ಕೆಳಗಿಳಿಯಲು ದಾರಿಯಿಲ್ಲ. ಅದು ಪಕ್ಕದ ಹೈ ಸುರುಳಿಯೊಳಗೆ ನುಗ್ಗಿ, ಹೈ ಬೀಮಿನ ವೈರ್ ಹಿಡಿದು ಹಿಮ್ಮುಖವಾಗಿ ಮೀಟರಿಗೆ ಹೋಗಿ, ನೀಲಿ ದೀಪದ ಮೂಲಕ ಅರ್ಥಿಂಗ್ ಸೇರುತ್ತದೆ. ಆ ಪುಟ್ಟ ದೀಪ ಹತ್ತಲು ಅಷ್ಟು ಸಾಕು, ಹೆಡ್‌ಲೈಟಿಗೆ ಸಾಲದು. ಬೀದರಿನ ಒಬ್ಬ ಹಿರಿಯ ಉಸ್ತಾದ್ ಈ ನೀಲಿ ದೀಪ ಕಂಡರೆ ಡೂಮ್ ಬಿಚ್ಚುವ ಮೊದಲೇ ತೀರ್ಪು ಕೊಡುತ್ತಾರೆ: ‘ಬಲ್ಬ್ ಚಲೋನೇ ಅದರಿ ಸರ್, ಅರ್ಥಿಂಗ್ ಸಿಗ್ಲತ್ತಿಲ್ಲ.’ ಆಮೇಲೆ ಡೂಮ್ ಬಿಚ್ಚಿ ಹಸಿರು ವೈರ್ ಹುಡುಕುತ್ತಾರೆ. ಹೀರೊ, ಹೊಂಡಾ ಗಾಡಿಗಳಲ್ಲಿ ಅರ್ಥಿಂಗ್ ಹಸಿರು, ಹೈ ನೀಲಿ, ಡಿಮ್ ಬಿಳಿ. ಬಜಾಜಿನಲ್ಲಿ ಅರ್ಥಿಂಗ್ ಕಪ್ಪಿನ ಮೇಲೆ ಹಳದಿ ಗೆರೆ. ಇಷ್ಟು ಬಣ್ಣ ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು.

ಹೋಲ್ಡರ್ ಕೈಗೆ ತೆಗೆದುಕೊಂಡಾಗ ಅದರ ಬಾಯಿ ನೋಡಿ. ಬಿದರಿ ಹೂಜಿಗೆ ಕೋಟೆಯ ಮಣ್ಣು ಹಚ್ಚಿ ಬೇಕೆಂದೇ ಕಪ್ಪು ಬರಿಸುತ್ತಾರೆ. ಹೋಲ್ಡರಿನ ಹಿತ್ತಾಳೆಗೆ ಆ ಕಪ್ಪು ಕರೆಯದೆ ಬರುತ್ತದೆ. ಮಳೆಗಾಲದ ತೇವ, ಬೇಸಿಗೆಯ ಕೆಂಪು ಧೂಳು, ಬಲ್ಬಿನದೇ ಕಾವು, ಮೂರೂ ಸೇರಿ ಕಾಲುಗಳು ಕೂರುವ ಜಾಗ ಮಂಕಾಗುತ್ತದೆ. ಮಂಕಾದಲ್ಲಿ ಕರೆಂಟಿಗೆ ಅಡ್ಡಿ. ಅಡ್ಡಿಯಾದಲ್ಲಿ ಬಿಸಿ. ಬಿಸಿಗೆ ಹೋಲ್ಡರಿನ ಪ್ಲಾಸ್ಟಿಕ್ ಕಂದಾಗಿ, ಆಮೇಲೆ ಕರಗಿ, ಹಿತ್ತಾಳೆಯ ಹಿಡಿತ ಸಡಿಲವಾಗುತ್ತದೆ. ಸಡಿಲವಾದರೆ ಇನ್ನೂ ಬಿಸಿ. ಗುಂಡಿಗೆ ಇಳಿದಾಗ ಹೋಗಿ, ಹತ್ತಿದಾಗ ಬರುವ ಲೈಟಿಗೆ ಬಹುಪಾಲು ಇದೇ ಕಾರಣ. ಮರಳು ಕಾಗದದಿಂದ ಉಜ್ಜಿದರೆ ಕೆಲವು ದಿನ ನಡೆದೀತು. ಪ್ಲಾಸ್ಟಿಕ್ ಕಂದಾಗಿದ್ದರೆ ಹೋಲ್ಡರ್ ಬದಲಿಸುವುದೇ ಸರಿ, ಬಲ್ಬಿಗಿಂತ ಅಗ್ಗ.

ಈ ಅಡ್ಡಿ ಬೆಳಕನ್ನು ಪೂರ್ತಿ ಆರಿಸಬೇಕಿಲ್ಲ, ಸ್ವಲ್ಪ ತಿಂದರೂ ಸಾಕು. ತಂತಿ ಸುರುಳಿಯ ಬಲ್ಬಿಗೆ ಸಿಗುವ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ‘ಮೊದಲಿನಷ್ಟು ಬೆಳಕಿಲ್ಲ, ಕಣ್ಣೇ ಮಂಜಾಗಿರಬೇಕು’ ಎಂದು ಕನ್ನಡಕದ ಅಂಗಡಿಗೆ ಹೋಗುವವರು ಒಮ್ಮೆ ಹೋಲ್ಡರ್ ಬಿಚ್ಚಿ ನೋಡುವುದು ಒಳ್ಳೆಯದು. ಹಳೆಯ ಯೆಜ್ಡಿ ಇಟ್ಟುಕೊಂಡವರಿಗಂತೂ ಇದು ದೊಡ್ಡ ಕಾಟ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಹಳೆಯ ಗಾಡಿಗಳದು 6 ವೋಲ್ಟಿನ ಸಂಸಾರ. ಅಷ್ಟೇ ವ್ಯಾಟಿನ ಬಲ್ಬಿಗೆ ಎರಡು ಪಟ್ಟು ಕರೆಂಟ್ ಹರಿಯಬೇಕು, ಇರುವ ವೋಲ್ಟೇಜೋ ಅರ್ಧ. 12 ವೋಲ್ಟಿನ ಗಾಡಿಯಲ್ಲಿ ಗೊತ್ತೂ ಆಗದ ಕಿಲುಬು ಇಲ್ಲಿ ನಾಲ್ಕು ಪಟ್ಟು ಪಾಲು ಕೇಳುತ್ತದೆ. ಯೆಜ್ಡಿಯ ಬೆಳಕನ್ನು ಬೈಯುವವರಲ್ಲಿ ಹೆಚ್ಚಿನವರು ಬೈಯಬೇಕಾದ್ದು ಅದರ ಕನೆಕ್ಷನ್‌ಗಳನ್ನು.

ಹೋಲ್ಡರ್ ಬಿಟ್ಟರೆ ತೊಂದರೆಯ ಎರಡನೆಯ ಠಿಕಾಣಿ ಹ್ಯಾಂಡಲಿನ ಕುತ್ತಿಗೆ. ಎಡಕ್ಕೆ ತಿರುಗಿಸಿದರೆ ಲೈಟ್ ಇದೆ, ಬಲಕ್ಕೆ ತಿರುಗಿಸಿದರೆ ಇಲ್ಲ. ವೈರಿಂಗಿನ ಕಟ್ಟು ಅಲ್ಲಿ ದಿನಕ್ಕೆ ನೂರು ಸಲ ಬಾಗಿ, ನೆಟ್ಟಗಾಗಿ, ಮತ್ತೆ ಬಾಗುತ್ತದೆ. ಹ್ಯಾಂಡಲಿಗೆ ಹಾಲಿನ ಕ್ಯಾನ್ ನೇತುಹಾಕುವ ಗಾಡಿಗಳಲ್ಲಿ ಇನ್ನೂ ಬೇಗ. ಹೊರಗಿನ ಪ್ಲಾಸ್ಟಿಕ್ ಇಡಿಯಾಗಿಯೇ ಇರುತ್ತದೆ, ಮುಟ್ಟಿದರೂ ಗೊತ್ತಾಗುವುದಿಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಒಂದು ಕಡೆ ಮಾತ್ರ ರಬ್ಬರಿನಂತೆ ಹಿಗ್ಗುತ್ತದೆ. ಅಲ್ಲಿ ಸೀಳಿ ನೋಡಿ: ಹಸಿರು ಪುಡಿ, ಅದರ ನಡುವೆ ಎರಡೋ ಮೂರೋ ಕೂದಲೆಳೆ ತಾಮ್ರ. ತಿರುಗಿಸಿದಾಗ ಫ್ಯೂಸೇ ಹಾರುವುದಾದರೆ ಕಥೆ ಉಲ್ಟಾ. ಅಲ್ಲಿ ಪ್ಲಾಸ್ಟಿಕ್ ಸವೆದು ಒಳಗಿನ ತಾಮ್ರ ಚಾಸಿಸ್ಸಿಗೆ ತಾಗುತ್ತಿದೆ. ಫ್ಯೂಸಿನ ಜಾಗಕ್ಕೆ ಸಿಗರೇಟಿನ ಬೇಗಡೆ ಸುತ್ತಿ ಮನೆ ಮುಟ್ಟುವ ಶೂರರಿದ್ದಾರೆ. ವೈರಿಂಗ್ ಪೂರ್ತಿ ಹೊತ್ತಿಕೊಂಡರೂ ಅವರಿಗೆ ಅಚ್ಚರಿಯಾಗಬಾರದು. ಔರಾದ್, ಸಂತಪೂರ ಕಡೆ ತೊಗರಿ, ಕಡಲೆ ಚೀಲದ ಪಕ್ಕ ಗಾಡಿ ನಿಲ್ಲಿಸುವವರು ಇದಕ್ಕೆ ಇಲಿಯನ್ನೂ ಸೇರಿಸಿಕೊಳ್ಳಬೇಕು. ಸೀಟಿನ ಕೆಳಗೆ ಗೂಡು ಮಾಡಿ ಟ್ಯಾಂಕಿನ ಕೆಳಗಿನ ವೈರ್ ಕಡಿಯುವುದರಲ್ಲಿ ಅದು ನಿಸ್ಸೀಮ.

ಇಂಥ ಕೂದಲೆಳೆಯ ವೈರನ್ನು ಮಲ್ಟಿಮೀಟರ್ ಹಿಡಿಯುವುದಿಲ್ಲ. ಇಲ್ಲಿ ಹೊಸ ಹುಡುಗರ ಜತೆ ನನ್ನದು ಖಾಯಂ ತಕರಾರು. ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಅದು ಕರೆಂಟನ್ನು ಎಳೆಯುವುದೇ ಇಲ್ಲ. 35 ವ್ಯಾಟಿನ ಬಲ್ಬಿಗೆ ಹತ್ತಿರ ಹತ್ತಿರ 3 ಆಂಪಿಯರ್ ಬೇಕು. ಅಷ್ಟು ಕೇಳಿದ ಕ್ಷಣ ಆ ಎಳೆ ಕೈಯೆತ್ತುತ್ತದೆ. ಹಳೆಯ ಮಿಸ್ತ್ರಿಗಳ ಟೆಸ್ಟ್ ಲ್ಯಾಂಪಿಗೆ ಈ ಮೋಸ ನಡೆಯದು. ಮಾಡಿಕೊಳ್ಳುವುದೂ ಸುಲಭ: ಒಂದು ಸುರುಳಿ ಸುಟ್ಟು ಇನ್ನೊಂದು ಉಳಿದಿರುವ ಹೆಡ್‌ಲೈಟ್ ಬಲ್ಬಿಗೆ ಎರಡು ವೈರ್ ಬೆಸೆದು, ಒಂದರ ತುದಿಗೆ ಕ್ಲಿಪ್, ಇನ್ನೊಂದಕ್ಕೆ ದಪ್ಪ ಸೂಜಿ. ಹೋಲ್ಡರಿನ ಹತ್ತಿರ ಇಟ್ಟಾಗ ಅದು ಜೋರಾಗಿ ಉರಿದರೆ ದಾರಿ ಸರಿ, ಕೆಂಪಗೆ ಮಿಣುಕಿದರೆ ಹಿಂದೆ ಎಲ್ಲೋ ಎಳೆ ಹರಿದಿದೆ. ಚರಂಡಿಗೆ ಎಸೆಯಬೇಡಿ ಎಂದ ಬಲ್ಬಿಗೆ ಇದೊಂದು ನೌಕರಿ.

ಮೀಟರ್ ಬೇಡವೇ ಬೇಡ ಎಂದಲ್ಲ. ಬಲ್ಬ್ ಮೇಲಿಂದ ಮೇಲೆ ಸುಡುತ್ತಿದ್ದರೆ ಮೀಟರೇ ಬೇಕು. ಬ್ಯಾಟರಿಯ ಎರಡು ತುದಿಗೆ ಹಿಡಿದು, ಇಂಜಿನ್ ಚಾಲೂ ಮಾಡಿ, ಎಕ್ಸಲರೇಟರ್ ಕೊಡಿ. 13.5ರಿಂದ 14.5ರ ಒಳಗಿರಬೇಕು. 15 ದಾಟಿ ಏರುತ್ತಲೇ ಹೋದರೆ ಆರ್‌ಆರ್ ಯೂನಿಟ್ ಕೆಟ್ಟಿದೆ. ಮ್ಯಾಗ್ನೆಟ್ ಕಾಯಿಲ್ ಹುಟ್ಟಿಸುವ ಕರೆಂಟಿಗೆ ಲಗಾಮು ಹಾಕುವ, ಹಲ್ಲುಹಲ್ಲಾದ ಅಲ್ಯೂಮಿನಿಯಂ ಮೈಯಿರುವ ಡಬ್ಬಿ ಅದು. ವೋಲ್ಟೇಜ್ ಶೇ 5 ಹೆಚ್ಚಾದರೂ ಬಲ್ಬಿನ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎರಡೂ ಸುರುಳಿ ಒಂದೇ ರಾತ್ರಿ ಹೋದದ್ದರ ಗುಟ್ಟು ಇದು. ಬಲ್ಬ್ ಕಂಪನಿಯನ್ನು ಬೈಯುತ್ತಾ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಹಳೆಯ ಸ್ಪ್ಲೆಂಡರ್‌ಗಳ ಹೆಡ್‌ಲೈಟ್ ಬ್ಯಾಟರಿಯ ಮುಖವನ್ನೇ ನೋಡದೆ ನೇರವಾಗಿ ಕಾಯಿಲ್‌ನಿಂದ ಉಣ್ಣುತ್ತದೆ. ನಿಂತಲ್ಲಿ ಮಂಕಾಗಿ, ಎಕ್ಸಲರೇಟರ್ ಕೊಟ್ಟಾಗ ಬೆಳಗುವುದು ಅದರ ಸ್ವಭಾವ, ರೋಗವಲ್ಲ. ಅದಕ್ಕೆ ಹೊಸ ಬ್ಯಾಟರಿ ಹಾಕಿಸಿದರೆ ಹಾರ್ನ್ ಜೋರಾದೀತು, ಬೆಳಕಲ್ಲ. ಬುಲೆಟ್ ಪ್ರಿಯರಿಗೆ ಮಾತ್ರ ಕಂಪನಿಯೇ ಒಬ್ಬ ಡಾಕ್ಟರನ್ನು ಕೊಟ್ಟಿತ್ತು: ಹಳೆಯ ಬುಲೆಟ್ಟಿನ ಹೆಡ್‌ಲೈಟ್ ಮೇಲಿನ ಆಂಪಿಯರ್ ಮೀಟರ್. ಲೈಟ್ ಹಾಕಿದಾಗ ಮುಳ್ಳು ಮೈನಸ್ ಕಡೆ ಒಂದಿಷ್ಟು ವಾಲಬೇಕು. ಅಲುಗದೇ ಇದ್ದರೆ ದಾರಿ ಎಲ್ಲೋ ತುಂಡಾಗಿದೆ, ಪೂರ್ತಿ ಮೈನಸ್ಸಿಗೆ ಬಡಿದರೆ ಶಾರ್ಟ್. ಬೇರೆ ಯಾವ ಉಪಕರಣವೂ ಬೇಡ. ಹೊಸ ಬುಲೆಟ್ಟಿನಲ್ಲಿ ಆ ಮುಳ್ಳು ಮಾಯವಾದದ್ದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ. ಇಂಜಿನ್ ಚಾಲೂ ಆದರೆ ಲೈಟೂ ಚಾಲೂ. ಹಗಲಲ್ಲಿ ಎದುರಿಗೆ ಬರುವವರು ಈಗಲೂ ಮುಷ್ಟಿ ಬಿಚ್ಚಿ ಮುಚ್ಚಿ ‘ಲೈಟ್ ಹತ್ಯಾದ’ ಎಂದು ಸನ್ನೆ ಮಾಡುತ್ತಾರೆ, ಒಳ್ಳೆಯ ಮನಸ್ಸಿನವರು. ಲೈಟ್ ಹೋಗಿದ್ದರೆ ಮಾತ್ರ ಯಾರೂ ಹೇಳುವುದಿಲ್ಲ. ಬಿಸಿಲಲ್ಲಿ ನಮಗೂ ಕಾಣದು. ಸಂಜೆ ಹಲಬರ್ಗಾ ದಾಟಿದ ಮೇಲೆ ಗೊತ್ತಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು, ಬೆಳೆಯಿಂದ ಬೆಳೆಗೆ ರಸ್ತೆ ದಾಟುವ ಕೃಷ್ಣಮೃಗ, ಇವೆರಡೂ ಇರುವ ಭಾಲ್ಕಿ ದಾರಿಯಲ್ಲಿ ಅಂಥ ಸಂಜೆ ಯಾರಿಗೂ ಬೇಡ. ಹಗಲಲ್ಲಿ ಗಾಡಿ ತೆಗೆಯುವಾಗ ಗೋಡೆಯ ಎದುರು ಒಮ್ಮೆ ಅಂಗೈ ಹಿಡಿದು ನೋಡಿದರೆ ಗೊತ್ತಾಗುತ್ತದೆ. ನಡುದಾರಿಯಲ್ಲಿ ಡಿಮ್ ಹೋದರೆ ಹೈ ಇರುತ್ತದೆ, ಅದರಲ್ಲೇ ಮೆಲ್ಲಗೆ ಊರು ಮುಟ್ಟಿ. ಹಳೆಯ ಬುಲೆಟ್ಟಾದರೆ ಎರಡು ಪುಟ್ಟ ಪೈಲಟ್ ದೀಪಗಳಿವೆ, ನಿಮಗೆ ರಸ್ತೆ ಕಾಣಿಸದಿದ್ದರೂ ಲಾರಿಯವನಿಗೆ ನೀವು ಕಾಣುತ್ತೀರಿ.

ಇಷ್ಟೆಲ್ಲ ಪಂಚಾಯ್ತಿ ಯಾಕೆ, ಎಲ್‌ಇಡಿ ಹಾಕಿಸಿ ಎನ್ನುವವರಿದ್ದಾರೆ. ಹ್ಯಾಲೊಜನ್ ಬಲ್ಬಿನ ಹಿಂದಿನ ಕನ್ನಡಿ ಆ ಸಣ್ಣ ಸುರುಳಿ ಎಲ್ಲಿ ಕೂರುತ್ತದೋ ಅಲ್ಲಿಗೆ ಲೆಕ್ಕಹಾಕಿ ಮಾಡಿದ್ದು. ಅಗ್ಗದ ಎಲ್‌ಇಡಿಯ ಬೆಳಕಿನ ಚಿಪ್ ಆ ಜಾಗದಲ್ಲಿ ಕೂರುವುದಿಲ್ಲ. ಬೆಳಕು ರಸ್ತೆ ಬಿಟ್ಟು ಬೇವಿನ ಮರದ ತುದಿಗೂ ಎದುರಿನವನ ಕಣ್ಣಿಗೂ ಹೋಗುತ್ತದೆ. ಕಾಯಿಲ್‌ನಿಂದ ನೇರವಾಗಿ ಉಣ್ಣುವ ಹಳೆಯ ಗಾಡಿಗೆ ಹಾಕಿದರೆ ಮಿಣಮಿಣ ಬೇರೆ. 100 ವ್ಯಾಟಿನ ಬಲ್ಬ್ ಇನ್ನೊಂದು ಚಟ. 8 ಆಂಪಿಯರಿಗೂ ಹೆಚ್ಚು ಕರೆಂಟ್ ಎಳೆದು ಸ್ವಿಚ್ಚನ್ನೂ ಹೋಲ್ಡರನ್ನೂ ಸುಡುತ್ತದೆ, ಕಾನೂನಿಗೂ ವಿರುದ್ಧ. ಕಂಪನಿ ಹೇಳಿದ ವ್ಯಾಟಿನ ಹ್ಯಾಲೊಜನ್, ಶುದ್ಧ ಹೋಲ್ಡರ್, ಗಟ್ಟಿ ಅರ್ಥಿಂಗ್ ಇದ್ದರೆ ಬೀದರ್‌ನಿಂದ ಔರಾದಿಗೆ ಹೋಗಲು ಬೇಕಾದಷ್ಟು ಬೆಳಕು. ಹೊಸ ಬಲ್ಬ್ ಹಾಕುವಾಗ ಗಾಜಿಗೆ ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡು ಕಾದಲ್ಲಿ ಗಾಜು ಕೆಡುತ್ತದೆ. ಒಳಗಿನ ಕನ್ನಡಿಯನ್ನು ಬಟ್ಟೆಯಿಂದ ಒರೆಸಲೂ ಬೇಡಿ, ಒರೆಸಿದಷ್ಟೂ ಹೊಳಪಿನ ಲೇಪ ಬಟ್ಟೆಗೆ ಬರುತ್ತದೆ.

ಎಲ್ಲ ಮುಗಿದ ಮೇಲೆ ಬೆಳಕು ಎಲ್ಲಿ ಬೀಳುತ್ತಿದೆ ನೋಡಿ. ಸಮ ನೆಲದಲ್ಲಿ ಗೋಡೆಗೆ ಹತ್ತು ಹೆಜ್ಜೆ ದೂರ ಗಾಡಿ ನಿಲ್ಲಿಸಿ, ಸೀಟಿನ ಮೇಲೆ ಕೂತು ಡಿಮ್ ಹಾಕಿ. ಬೆಳಕಿನ ಮೇಲಂಚು ಹೆಡ್‌ಲೈಟಿನ ಎತ್ತರಕ್ಕಿಂತ ಸ್ವಲ್ಪ ಕೆಳಗಿರಬೇಕು. ಹಿಂದೆ ದಿನಾ ಯಾರಾದರೂ ಕೂರುವುದಿದ್ದರೆ ಅವರನ್ನೂ ಕೂರಿಸಿಕೊಂಡೇ ನೋಡಿ, ಹಿಂದೆ ತೂಕ ಬಿದ್ದರೆ ಮುಂದಿನ ದೀಪ ಆಕಾಶ ನೋಡುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಡೂಮಿನ ಕೆಳಗೆ ಇದಕ್ಕೇ ಒಂದು ಸ್ಕ್ರೂ ಇರುತ್ತದೆ. ತಿರುಗಿಸಿ ಸರಿಮಾಡಿ ರಸ್ತೆಗಿಳಿಯಿರಿ. ಎದುರಿಗೆ ಬರುವವರು ಆಮೇಲೂ ಡಿಪ್ಪರ್ ಹೊಡೆಯುತ್ತಿದ್ದರೆ ಇನ್ನೊಂದು ಸುತ್ತು ಇಳಿಸಿ.