ಮುಖಚಿತ್ರ ಕೊಟ್ಟ ಮಾತು

ಪುಸ್ತಕ ಮನೆಗೆ ಬಂದ ದಿನವೇ ಅದಕ್ಕೆ ಬೈಂಡು ಹಾಕಬೇಕೆಂಬುದು ನಮ್ಮ ತಂದೆಯವರಿಂದ ನನಗೆ ಬಂದ ಅಭ್ಯಾಸ. ಪುಸ್ತಕವೆಂದರೆ ಸರಸ್ವತಿ; ಅದರ ಮೈ ಕೊಳೆಯಾಗಬಾರದು, ಮೂಲೆ ಮಡಿಸಬಾರದು. ಇಟ್ಟಮಡುವಿನ ನಮ್ಮ ಮನೆಯ ಬೀರುವಿನಲ್ಲಿ ಮೊಮ್ಮಗಳಿಗಾಗಿ ಕೊಂಡ ಇಪ್ಪತ್ತು ಮೂವತ್ತು ಕನ್ನಡ ಪುಸ್ತಕಗಳೂ ಹೀಗೆಯೇ ಖಾಕಿ ಕಾಗದ ಹೊದ್ದು ಸಾಲಾಗಿ ನಿಂತಿದ್ದವು. ಅವಳು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಈ ಕಾಲದ ಮಕ್ಕಳಿಗೆ ಕನ್ನಡ ಬೇಡವಾಗಿದೆ ಎಂದು ನಾನೂ ಎಲ್ಲರಂತೆ ಗೊಣಗಿಕೊಂಡೆ.

ಕಳೆದ ಬೇಸಿಗೆಯಲ್ಲಿ ಗೆದ್ದಲಿನ ಭಯಕ್ಕೆ ಬೀರು ಖಾಲಿ ಮಾಡಿ, ಹಳೆಯ ಕಾಗದವನ್ನೆಲ್ಲ ತೆಗೆದು, ಪುಸ್ತಕಗಳನ್ನು ಹಜಾರದಲ್ಲಿ ಹರಡಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಏಳು ವರ್ಷದ ಆ ಹುಡುಗಿ ಅವುಗಳ ನಡುವೆ ಕುಳಿತಿದ್ದಳು. ಅವಳ ಕೈಯಲ್ಲಿದ್ದ ಪುಸ್ತಕದ ಮೇಲೆ ಸೊಂಡಿಲೆತ್ತಿದ ಆನೆಯೊಂದು ಅಚ್ಚಾಗಿತ್ತು. ಕಾಲು ಗಂಟೆ ಕಳೆದಿರಬಹುದು.

“ತಾತ, ಆನೆ ಎಲ್ಲಿ?” ಎಂದಳು.

ನಾನೂ ಹುಡುಕಿದೆ. ನೀತಿಕಥೆಗಳ ಆ ಸಂಗ್ರಹದಲ್ಲಿ ನರಿ ಇತ್ತು, ಬ್ರಾಹ್ಮಣನಿದ್ದ, ಜಿಪುಣ ಶೆಟ್ಟಿಯಿದ್ದ. ಆನೆ ಇರಲೇ ಇಲ್ಲ. ಪುಸ್ತಕವನ್ನು ಅಲ್ಲಿಯೇ ಬಿಟ್ಟು ಎದ್ದಳು. ಆಮೇಲೆ ಅದನ್ನು ಮುಟ್ಟಲಿಲ್ಲ.

ಚಿತ್ರ ಕಾಣದಿದ್ದರೆ ಮಗು ಪುಸ್ತಕದ ಬಳಿಗೆ ಬರುವುದಿಲ್ಲ. ಚಿತ್ರ ಸುಳ್ಳಾಡಿದರೆ ಬಂದ ಮಗು ನಿಲ್ಲುವುದಿಲ್ಲ. ಮೊದಲನೆಯ ತಪ್ಪು ನನ್ನದು, ಎರಡನೆಯದು ಪ್ರಕಾಶಕರದು. ಮಕ್ಕಳ ಮುಖಚಿತ್ರವೆಂದರೆ ಕಣ್ಣು ಕುಕ್ಕುವ ಬಣ್ಣ ಎಂದು ತಿಳಿದವರು ಬಹಳ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂಬ ಗಾದೆ ಮಕ್ಕಳಿಗೆ ಗೊತ್ತಿಲ್ಲದಿರಬಹುದು. ಆದರೆ ಮೋಸಹೋದದ್ದು ಅವರಿಗೆ ಬೇಗ ತಿಳಿಯುತ್ತದೆ.

ಈ ಮಾತನ್ನು ಬಲ್ಲ ಪತ್ರಿಕೆಯೊಂದು ನಮ್ಮಲ್ಲಿತ್ತು. 1947ರಲ್ಲಿ ಮದರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿಯವರು ಆರಂಭಿಸಿದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೂ ಬಂತು. ಅದರ ಹೊದಿಕೆಗಾಗಿ ಎಂ. ಟಿ. ವಿ. ಆಚಾರ್ಯರು ಬರೆದ ಮಹಾಭಾರತದ ಚಿತ್ರಗಳನ್ನು ಕಂಡವರು ಮರೆತಿರಲಾರರು. ಚಿತ್ರಕ್ಕಿಂತ ಹೆಚ್ಚಾಗಿ ನನಗೆ ನೆನಪಿರುವುದು ಇನ್ನೊಂದು ಸಂಗತಿ. ಸಂಚಿಕೆಯ ಒಳಗೆ ‘ಮುಖಚಿತ್ರ’ ಎಂಬ ಹೆಸರಿನಲ್ಲಿಯೇ ಆ ಪ್ರಸಂಗದ ಕಥೆ ಇರುತ್ತಿತ್ತು. ಹೊರಗೆ ಕಂಡವನು ಯಾರು, ಯಾಕೆ ಸಿಟ್ಟಾಗಿದ್ದಾನೆ ಎಂದು ತಿಳಿಯಲು ನಾವು ಪುಟ ತಿರುಗಿಸುತ್ತಿದ್ದೆವು, ತಿಳಿಯುತ್ತಲೂ ಇತ್ತು. ಶಂಕರರ ಕುಂಚದ ವಿಕ್ರಮ ಹೆಗಲ ಮೇಲೆ ಶವ ಹೊತ್ತು ಹೊರಟನೆಂದರೆ ಬೇತಾಳನ ಪ್ರಶ್ನೆ ಖಂಡಿತ. 2020ರಲ್ಲಿ ಶಂಕರರು ತೀರಿಕೊಂಡಾಗ ಎಷ್ಟೋ ಮುದುಕರು ಆ ಒಂದು ಚಿತ್ರವನ್ನೇ ನೆನೆದರು. ಪತ್ರಿಕೆ ಅದಕ್ಕೆ ಮೊದಲೇ ನಿಂತುಹೋಗಿತ್ತು.

‘ನಾವು ಚಿತ್ರವಿಲ್ಲದ ಪುಸ್ತಕ ಓದಿ ದೊಡ್ಡವರಾಗಲಿಲ್ಲವೆ?’ ಎಂದು ಗೆಳೆಯರೊಬ್ಬರು ಕೇಳಿದರು. ಆದೆವು. ಆಗ ಅದು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಇಂದು ಅದೇ ಅಂಗಡಿಯ ಎದುರು ಕಪಾಟಿನಲ್ಲಿ ಇಂಗ್ಲಿಷ್ ಪುಸ್ತಕಗಳು ಮಗುವಿಗೆ ಮುಖ ತೋರಿಸಿ ನಿಂತಿವೆ. ಕನ್ನಡದವು ಹಲವೆಡೆ ಬೆನ್ನು ತೋರಿಸಿ ನಿಂತಿವೆ.

ಖರ್ಚು ಹೆಚ್ಚುತ್ತದೆ ಎನ್ನುತ್ತಾರೆ ಪ್ರಕಾಶಕ ಮಹಾಶಯರು. ಒಪ್ಪತಕ್ಕ ಮಾತೇ. ಆದರೆ ಚಿತ್ರ ಬರೆಯುವವರ ಕೈಗೆ ಹಸ್ತಪ್ರತಿ ಕೊಟ್ಟು, ಅವರು ಓದುವವರೆಗೆ ಒಂದು ವಾರ ಕಾಯುವುದಕ್ಕೆ ಎಷ್ಟು ಖರ್ಚು? ಅಚ್ಚುಕೂಟದಲ್ಲಿ ಸಿಕ್ಕ ಆನೆಯನ್ನು ಅಂಟಿಸಿದರೆ ಉಳಿಯುವುದು ಆ ಒಂದು ವಾರ ಮಾತ್ರ. ನಮ್ಮ ಬೆಂಗಳೂರಿನಲ್ಲಿಯೇ 2004ರಲ್ಲಿ ಹುಟ್ಟಿದ ‘ಪ್ರಥಮ್ ಬುಕ್ಸ್’ ಕಥೆ ಬರೆದವರ ಜೊತೆಗೆ ಚಿತ್ರ ಬರೆದವರ ಹೆಸರನ್ನೂ ಹೊದಿಕೆಯ ಮೇಲೆ ಹಾಕುತ್ತದೆ. ಇಂಗ್ಲಿಷಿನ ಮಗು ನೋಡುವ ಚಿತ್ರವನ್ನೇ ಕನ್ನಡದ ಮಗುವೂ ನೋಡುತ್ತದೆ. ಇದು ಸಣ್ಣ ಮರ್ಯಾದೆಯಲ್ಲ. ಹೆಸರು ಹಾಕಿಸಿಕೊಂಡವರು ಇಲ್ಲದ ಆನೆಯನ್ನು ಬರೆಯಲು ಸ್ವಲ್ಪ ನಾಚುತ್ತಾರೆ.

ಬೀರುವಿಗೆ ಹಿಂದಿರುಗಿದ ಪುಸ್ತಕಗಳಿಗೆ ನಾನು ಮತ್ತೆ ಬೈಂಡು ಹಾಕಲಿಲ್ಲ. ಕೆಲವನ್ನು ಕಿಟಕಿಯ ಕಟ್ಟೆಯ ಮೇಲೆ ಮುಖ ಕಾಣುವಂತೆ ಒರಗಿಸಿಟ್ಟಿದ್ದೇನೆ. ಎರಡು ಮೂರರ ಮೂಲೆ ಆಗಲೇ ಮುದುರಿದೆ. ಒಂದರ ಮೇಲೆ ಉಪ್ಪಿನಕಾಯಿಯ ಕಲೆ. ತಂದೆಯವರು ಇದ್ದಿದ್ದರೆ ಬೈಯುತ್ತಿದ್ದರು.